ಮೂತ್ರದಲ್ಲಿ ಅಮಿಟ್ರಿಪ್ಟಿಲಿನ್ ಅಳೆಯುವುದು ಹೇಗೆ: ಮೈಕ್ರೋಎಕ್ಸ್‌ಟ್ರಾಕ್ಷನ್‌ನಿಂದ ಎಚ್‌ಪಿಎಲ್‌ಸಿ ವರದಿಯವರೆಗೆ

ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಲ್ಯಾಬ್‌ಗಳು ನಮ್ಮಲ್ಲಿ ಈಗ ಬೇಕಾದಷ್ಟಿವೆ. ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ತಪಾಸಣೆ) ವಿಭಾಗದಲ್ಲಿ ಮಾತ್ರೆ ಪುಡಿ ಮಾಡಿ, ಕರಗಿಸಿ, ಸೋಸಿ, ಇಂಜೆಕ್ಟ್ ಮಾಡಿದರೆ ಚೆಂದದ ಒಂದು ಪೀಕ್ ಬರುತ್ತದೆ. ಅದೇ ಔಷಧಿಯನ್ನು ಮೂತ್ರದಲ್ಲಿ ಹುಡುಕಲು ಹೊರಟಾಗ ಕಥೆಯೇ ಬೇರೆ. ಔಷಧಿ ಇರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ. ಅದರ ಸುತ್ತ ಯೂರಿಯಾ, ಉಪ್ಪು, ಬಣ್ಣದ ಪದಾರ್ಥ, ನಿನ್ನೆ ಕುಡಿದ ಕಾಫಿ, ಎಲ್ಲವೂ ಇರುತ್ತದೆ. ಹಾಗಾಗಿ ಅಳತೆ ಸರಿ ಬರುತ್ತದೋ ಇಲ್ಲವೋ ಎಂಬುದು ಮೆಷಿನ್ ಹತ್ತಿರ ಹೋಗುವ ಮೊದಲೇ, ಒಂದು ಗಾಜಿನ ಟ್ಯೂಬಿನಲ್ಲಿ ತೀರ್ಮಾನವಾಗಿಬಿಡುತ್ತದೆ. ಈ ಬರಹದ ಮುಕ್ಕಾಲು ಪಾಲು ಆ ಟ್ಯೂಬಿನ ಬಗ್ಗೆಯೇ, ಅಂದರೆ ಔಷಧಿಯನ್ನು ಮೂತ್ರದಿಂದ ಚೂರೇ ಚೂರು ದ್ರಾವಕಕ್ಕೆ ಎಳೆದುಕೊಳ್ಳುವ ಮೈಕ್ರೋಎಕ್ಸ್‌ಟ್ರಾಕ್ಷನ್ ಬಗ್ಗೆ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಅಮಿಟ್ರಿಪ್ಟಿಲಿನ್ ಮತ್ತು ದೇಹದೊಳಗೆ ಅದರಿಂದ ಹುಟ್ಟುವ ನಾರ್ಟ್ರಿಪ್ಟಿಲಿನ್. ಇವು ಟ್ರೈಸೈಕ್ಲಿಕ್ ಗುಂಪಿನ ಖಿನ್ನತೆ ನಿವಾರಕಗಳು. 1957ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕುನ್ ಇಮಿಪ್ರಮಿನ್ ಬಗ್ಗೆ ಬರೆದ ವರದಿಯಿಂದ ಶುರುವಾದ ಕುಟುಂಬ ಇದು. ಹಳೆಯದಾದರೂ ಬಳಕೆಯಲ್ಲಿದೆ. ಖಿನ್ನತೆಗಷ್ಟೇ ಅಲ್ಲ, ಮೈಗ್ರೇನ್ ಮತ್ತು ನರನೋವಿಗೂ ಅಮಿಟ್ರಿಪ್ಟಿಲಿನ್ 10, 25 ಮಿಲಿಗ್ರಾಂ ಮಾತ್ರೆಗಳನ್ನು ವೈದ್ಯರು ಬರೆಯುತ್ತಾರೆ. ಜಾಸ್ತಿ ನುಂಗಿದರೆ ಹೃದಯದ ಬಡಿತವೇ ಕೆಡುತ್ತದೆ. ಆದ್ದರಿಂದ ವಿಷ ಪತ್ತೆ ಮಾಡುವ ಲ್ಯಾಬ್‌ಗಳಿಗೂ ಇದು ಬೇಕಾದ ಹೆಸರು.

ಎಂ.ಎಸ್ಸಿ. ಕೆಮಿಸ್ಟ್ರಿ, ಎಂ.ಫಾರ್ಮ್ ಪ್ರಾಜೆಕ್ಟ್ ಮಾಡುತ್ತಿರುವವರನ್ನು, ಹೊಸದಾಗಿ ಬಯೋಅನಾಲಿಟಿಕಲ್ ಲ್ಯಾಬ್ ಸೇರಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಅವರಿಗೆ ಎಚ್‌ಪಿಎಲ್‌ಸಿ ನಡೆಸಲು ಗೊತ್ತು ಎಂದುಕೊಂಡಿದ್ದೇನೆ.

ಮೂತ್ರದ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಕೆಲಸ ಶುರು ಮಾಡುವ ಮೊದಲು ಇದೊಂದು ಸ್ಪಷ್ಟವಾಗಲಿ. ಡೋಸ್ ಸರಿಯಾಗಿದೆಯಾ ಎಂದು ನೋಡಬೇಕಾದರೆ ಅಳೆಯಬೇಕಾದದ್ದು ರಕ್ತವನ್ನು. ಅಮಿಟ್ರಿಪ್ಟಿಲಿನ್ ಮತ್ತು ನಾರ್ಟ್ರಿಪ್ಟಿಲಿನ್ ಎರಡೂ ಸೇರಿ ಪ್ಲಾಸ್ಮಾದಲ್ಲಿ ಮಿಲಿ ಲೀಟರಿಗೆ 80ರಿಂದ 200 ನ್ಯಾನೋಗ್ರಾಂ ಇರಬೇಕು ಎಂಬ ಚಿಕಿತ್ಸಾ ಮಿತಿ ಇದೆ. ಮೂತ್ರಕ್ಕೆ ಅಂಥ ಮಿತಿ ಇಲ್ಲ. ನೀರು ಎಷ್ಟು ಕುಡಿದಿದ್ದಾರೆ, ಮೂತ್ರ ಎಷ್ಟು ಆಮ್ಲೀಯವಾಗಿದೆ ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ಇವು ಪ್ರತ್ಯಾಮ್ಲ ಗುಣದ ಔಷಧಿಗಳು, ಆದ್ದರಿಂದ ಮೂತ್ರ ಆಮ್ಲೀಯವಾದಷ್ಟೂ ಹೊರಬೀಳುವುದು ಜಾಸ್ತಿ.

ಇನ್ನೊಂದು ವಿಷಯ. ನುಂಗಿದ ಅಮಿಟ್ರಿಪ್ಟಿಲಿನ್‌ನಲ್ಲಿ ಬದಲಾಗದೆ ಮೂತ್ರಕ್ಕೆ ಬರುವುದು ತೀರಾ ಸ್ವಲ್ಪ ಪಾಲು ಮಾತ್ರ. ಲಿವರಿನಲ್ಲಿ ಸಿವೈಪಿ2ಸಿ19 ಎಂಬ ಕಿಣ್ವ ಅದರಿಂದ ಒಂದು ಮೀಥೈಲ್ ಗುಂಪನ್ನು ಕಿತ್ತು ನಾರ್ಟ್ರಿಪ್ಟಿಲಿನ್ ಮಾಡುತ್ತದೆ. ಆಮೇಲೆ ಸಿವೈಪಿ2ಡಿ6 ಅದಕ್ಕೆ ಹೈಡ್ರಾಕ್ಸಿ ಗುಂಪು ಸೇರಿಸುತ್ತದೆ. ಬಹುಪಾಲು ಗ್ಲುಕುರೊನೈಡ್ (ಸಕ್ಕರೆಯಂಥ ಆಮ್ಲ ಅಂಟಿದ) ರೂಪ ತಾಳಿ ಹೊರಗೆ ಬರುತ್ತದೆ. ಹಾಗಾಗಿ ನಾವು ಅಳೆಯಲಿರುವುದು ಬಿಡಿಯಾಗಿ ಉಳಿದ ಔಷಧಿಯನ್ನು ಮಾತ್ರ. ಅದರಿಂದ ಮಾತ್ರೆ ತೆಗೆದುಕೊಂಡಿದ್ದಾರಾ ಎಂದು ತಿಳಿಯುತ್ತದೆ. ತುರ್ತು ಚಿಕಿತ್ಸೆಯಲ್ಲಿ ಮಾಡುವ ಸ್ಟ್ರಿಪ್ ಪರೀಕ್ಷೆ ಪಾಸಿಟಿವ್ ಬಂದಾಗ ಅದು ನಿಜವಾ ಎಂದೂ ಖಚಿತವಾಗುತ್ತದೆ. ಸ್ಟ್ರಿಪ್‌ಗಳು ಕ್ವೆಟಯಪಿನ್, ಕಾರ್ಬಮಜೆಪಿನ್, ಡೈಫೆನ್‌ಹೈಡ್ರಮಿನ್‌ನಂಥ ಬೇರೆ ಔಷಧಿ ಇದ್ದಾಗಲೂ ಟ್ರೈಸೈಕ್ಲಿಕ್ ಇದೆ ಎಂದು ಸುಳ್ಳು ಹೇಳುವುದುಂಟು.

ಸ್ಯಾಂಪಲ್ ರೋಗಿಗಳದ್ದಾದರೆ ಎಥಿಕ್ಸ್ ಕಮಿಟಿಯ ಒಪ್ಪಿಗೆ, ಅವರ ಲಿಖಿತ ಸಮ್ಮತಿ ಎರಡೂ ಬೇಕು. ಟ್ಯೂಬಿನ ಮೇಲೆ ಹೆಸರು ಬರೆಯಬೇಡಿ, ಕೋಡ್ ನಂಬರ್ ಸಾಕು. ಮನೋಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಗೆ ಕೊಟ್ಟ ಹಕ್ಕು.

ಯಾವ ಮೈಕ್ರೋಎಕ್ಸ್‌ಟ್ರಾಕ್ಷನ್?

ಆಯ್ಕೆ ಮೂರು. 1990ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಯಾನುಷ್ ಪಾವ್ಲಿಶಿನ್ ತಂಡ ಕೊಟ್ಟ ಫೈಬರ್ ವಿಧಾನ ಒಂದು. ಸೊಗಸಾಗಿದೆ, ಆದರೆ ಫೈಬರ್ ದುಬಾರಿ, ಸುಲಭವಾಗಿ ಮುರಿಯುತ್ತದೆ. ಎರಡನೆಯದು 1999ರ ಹಾಲೋ ಫೈಬರ್ (ಟೊಳ್ಳು ಎಳೆ) ವಿಧಾನ, ನಾರ್ವೆಯ ಓಸ್ಲೋದ್ದು. ತುಂಬಾ ಶುಚಿಯಾದ ಸ್ಯಾಂಪಲ್ ಸಿಗುತ್ತದೆ, ಆದರೆ ನಿಧಾನ. ಮೂರನೆಯದು 2006ರಲ್ಲಿ ಇರಾನಿನ ರೆಜಾಯಿ, ಅಸ್ಸಾದಿ ಮತ್ತು ಜೊತೆಗಾರರು ಪ್ರಕಟಿಸಿದ ಡಿಸ್ಪರ್ಸಿವ್ ಲಿಕ್ವಿಡ್-ಲಿಕ್ವಿಡ್ ಮೈಕ್ರೋಎಕ್ಸ್‌ಟ್ರಾಕ್ಷನ್. ಲ್ಯಾಬಿನವರು ಡಿಎಲ್‌ಎಲ್‌ಎಂಇ ಎನ್ನುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಸಿರಿಂಜ್, ಚೂಪು ತಳದ ಗಾಜಿನ ಟ್ಯೂಬ್, ಒಂದು ಸೆಂಟ್ರಿಫ್ಯೂಜ್. ನಮ್ಮ ಕಾಲೇಜು ಲ್ಯಾಬ್‌ಗಳ ಜೇಬಿಗೆ ಹೊಂದುವುದು ಇದೇ.

ತತ್ವ ಸರಳ. ನೀರಿಗಿಂತ ಭಾರವಾದ, ನೀರಿನಲ್ಲಿ ಅಷ್ಟಾಗಿ ಕರಗದ ದ್ರಾವಕವನ್ನು ಚೂರೇ ಚೂರು ತೆಗೆದುಕೊಳ್ಳುತ್ತೇವೆ. ನೀರಿನೊಂದಿಗೂ ಬೆರೆಯುವ, ಆ ದ್ರಾವಕದೊಂದಿಗೂ ಬೆರೆಯುವ ಇನ್ನೊಂದು ದ್ರವದಲ್ಲಿ ಅದನ್ನು ಕಲಸಿ ಸ್ಯಾಂಪಲ್‌ಗೆ ರಭಸದಿಂದ ಹೊಡೆಯುತ್ತೇವೆ. ಭಾರದ ದ್ರಾವಕ ಲಕ್ಷಾಂತರ ಸಣ್ಣ ಹನಿಗಳಾಗಿ ಒಡೆದು ಹರಡುತ್ತದೆ. ಔಷಧಿ ಕ್ಷಣಗಳಲ್ಲಿ ಆ ಹನಿಗಳೊಳಗೆ ಸೇರಿಕೊಳ್ಳುತ್ತದೆ. ಸೆಂಟ್ರಿಫ್ಯೂಜ್ ಮಾಡಿದರೆ ಹನಿಗಳೆಲ್ಲ ತಳಕ್ಕೆ ಕೂಡುತ್ತವೆ.

ದ್ರಾವಕದ ಆಯ್ಕೆ, ಮತ್ತು ಒಂದು ಗಂಭೀರ ಎಚ್ಚರಿಕೆ

ಹಳೆಯ ಪ್ರಬಂಧಗಳಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್ ಜಾಸ್ತಿ ಕಾಣುತ್ತದೆ. ಅದು ಲಿವರಿಗೆ ವಿಷ, ಓಝೋನ್ ಪದರಕ್ಕೂ ಹಾನಿ, ಮಾಂಟ್ರಿಯಲ್ ಒಪ್ಪಂದದ ನಿಯಂತ್ರಣದಲ್ಲಿದೆ. ಬಿಟ್ಟುಬಿಡಿ. ಕ್ಲೋರೋಬೆಂಜೀನ್ 131 ಡಿಗ್ರಿಯಲ್ಲಿ ಕುದಿಯುವುದರಿಂದ ಒಣಗಿಸುವುದೇ ಒಂದು ತಲೆನೋವು. ಇಲ್ಲಿ ಕ್ಲೋರೋಫಾರ್ಮ್ ಬಳಸೋಣ. ಹರಡುವ ದ್ರವವಾಗಿ ಅಸಿಟೋನೈಟ್ರೈಲ್.

ಹರಡುವುದಕ್ಕೆ ಅಸಿಟೋನ್ ಬಳಸಿ ಎಂದು ಎಷ್ಟೋ ಕಡೆ ಬರೆದಿರುತ್ತದೆ. ಕ್ಲೋರೋಫಾರ್ಮ್ ಜೊತೆ ಅಸಿಟೋನ್ ಬೇಡವೇ ಬೇಡ. ಸೋಡಿಯಂ ಹೈಡ್ರಾಕ್ಸೈಡ್‌ನಂಥ ಕ್ಷಾರ ಸಿಕ್ಕಿದರೆ ಇವೆರಡೂ ಭಾರೀ ಶಾಖ ಬಿಡುತ್ತಾ ಪ್ರತಿಕ್ರಿಯಿಸುತ್ತವೆ, ಬಾಟಲಿ ಸಿಡಿಯಲೂಬಹುದು. ನಮ್ಮ ಸ್ಯಾಂಪಲ್‌ನಲ್ಲಿ ಕ್ಷಾರ ಇದ್ದೇ ಇರುತ್ತದೆ. ಟ್ಯೂಬಿನೊಳಗಿನ ಮೈಕ್ರೋಲೀಟರ್‌ಗಳಿಗಿಂತ ತ್ಯಾಜ್ಯದ ಬಾಟಲಿಯೇ ದೊಡ್ಡ ಅಪಾಯ. ಸಿಂಕಿನ ಪಕ್ಕ ಒಂದೇ ಕ್ಯಾನ್ ಇಟ್ಟು, ಗಾಜು ತೊಳೆದ ಅಸಿಟೋನ್, ಕ್ಲೋರೋಫಾರ್ಮ್, ಕ್ಷಾರದ ನೀರು ಎಲ್ಲವನ್ನೂ ಅದಕ್ಕೇ ಸುರಿಯುವ ಅಭ್ಯಾಸ ಬಹಳ ಕಡೆ ಇದೆ. ಕ್ಲೋರಿನ್ ಇರುವ ದ್ರಾವಕಗಳಿಗೆ ಬೇರೆಯೇ ಬಾಟಲಿ ಇಡಿ, ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಎಲ್ಲ ಕೆಲಸ ಫ್ಯೂಮ್ ಹುಡ್ ಒಳಗೇ ಆಗಲಿ.

ಹಳೆಯ ಕ್ಲೋರೋಫಾರ್ಮ್ ಬಾಟಲಿಯನ್ನೂ ನಂಬಬೇಡಿ. ಗಾಳಿ, ಬೆಳಕು ತಗುಲಿದರೆ ಅದರಲ್ಲಿ ಫಾಸ್ಜೀನ್ ಹುಟ್ಟುತ್ತದೆ. ಇದನ್ನು ತಡೆಯಲೆಂದೇ ತಯಾರಕರು ಎಥನಾಲ್ ಅಥವಾ ಅಮಿಲೀನ್ ಸೇರಿಸಿರುತ್ತಾರೆ. ಫಾಸ್ಜೀನ್ ಸೆಕೆಂಡರಿ ಅಮೀನ್‌ಗಳ ಜೊತೆ ಪ್ರತಿಕ್ರಿಯಿಸುತ್ತದೆ, ನಾರ್ಟ್ರಿಪ್ಟಿಲಿನ್ ಅಂಥದ್ದೇ. ಅಮಿಟ್ರಿಪ್ಟಿಲಿನ್ ಸರಿಯಾಗಿ ಬಂದು ನಾರ್ಟ್ರಿಪ್ಟಿಲಿನ್ ಮಾತ್ರ ಕಮ್ಮಿಯಾಗುತ್ತಿದ್ದರೆ ಮೊದಲು ಬಾಟಲಿ ಬದಲಿಸಿ ನೋಡಿ.

ಹಂತ 1: ಸ್ಟಾಕ್ ದ್ರಾವಣಗಳು

ಔಷಧಿ ಸಿಗುವುದು ಹೈಡ್ರೋಕ್ಲೋರೈಡ್ ಲವಣವಾಗಿ. ಅಂಕಿ ಹೇಳಬೇಕಾದದ್ದು ಬೇಸ್ (ಲವಣವಾಗದ ಔಷಧಿ) ಲೆಕ್ಕದಲ್ಲಿ. ಇದನ್ನು ಮರೆತರೆ ಎಲ್ಲ ಫಲಿತಾಂಶಗಳೂ ಶೇಕಡ 13ರಷ್ಟು ತಪ್ಪುತ್ತವೆ, ಆದರೂ ಗ್ರಾಫ್ ಮಾತ್ರ ನೇರವಾಗಿಯೇ ಇರುತ್ತದೆ. ಅಮಿಟ್ರಿಪ್ಟಿಲಿನ್ ಹೈಡ್ರೋಕ್ಲೋರೈಡ್‌ನ ಅಣುತೂಕ 313.9, ಬೇಸ್‌ನದು 277.4. ಆದ್ದರಿಂದ 10 ಮಿಲಿ ಲೀಟರ್ ಮೆಥನಾಲ್‌ನಲ್ಲಿ 11.31 ಮಿಲಿಗ್ರಾಂ ಲವಣ ಕರಗಿಸಿದರೆ ಮಿಲಿ ಲೀಟರಿಗೆ 1 ಮಿಲಿಗ್ರಾಂ ಬೇಸ್ ಆಗುತ್ತದೆ. ನಾರ್ಟ್ರಿಪ್ಟಿಲಿನ್‌ಗೆ ತೂಗಬೇಕಾದದ್ದು 11.38 ಮಿಲಿಗ್ರಾಂ, ಹೋಲಿಕೆಗೆ ಬಳಸುವ ಕ್ಲೋಮಿಪ್ರಮಿನ್‌ಗೆ 11.16. ಪುಡಿಯ ಶುದ್ಧತೆ ಶೇಕಡ 100 ಇಲ್ಲದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕ್ಲೋಮಿಪ್ರಮಿನ್ ನಮ್ಮ ಇಂಟರ್ನಲ್ ಸ್ಟ್ಯಾಂಡರ್ಡ್, ಅಂದರೆ ಪ್ರತಿ ಸ್ಯಾಂಪಲ್‌ಗೂ ಒಂದೇ ಅಳತೆಯಲ್ಲಿ ಹಾಕಿ ಔಷಧಿಯ ಪೀಕನ್ನು ಹೋಲಿಸಿ ನೋಡುವ ಪದಾರ್ಥ. ಅದೇ ಕುಟುಂಬದ್ದು, ಅದೇ ರೀತಿ ಎಕ್ಸ್‌ಟ್ರಾಕ್ಟ್ ಆಗುತ್ತದೆ. ಒಂದೇ ತೊಡಕು, ಓಸಿಡಿ ಎಂಬ ಗೀಳು ಕಾಯಿಲೆಗೆ ಅದನ್ನೂ ವೈದ್ಯರು ಬರೆಯುತ್ತಾರೆ. ಅದಕ್ಕೇ ರೋಗಿಯ ಪ್ರತಿ ಸ್ಯಾಂಪಲ್‌ನ ಒಂದು ಪಾಲನ್ನು ಇಂಟರ್ನಲ್ ಸ್ಟ್ಯಾಂಡರ್ಡ್ ಹಾಕದೆಯೂ ನಡೆಸಿ, ಅದರ ಪೀಕ್ ಬರುವ ಜಾಗ ಖಾಲಿ ಇದೆಯಾ ನೋಡಬೇಕು.

ವರ್ಕಿಂಗ್ ದ್ರಾವಣಗಳನ್ನು ಮೆಥನಾಲ್‌ನಲ್ಲಿ ಮಾಡಿ: ಮಿಲಿ ಲೀಟರಿಗೆ 1, 2.5, 5, 10, 25, 50, 100 ಮೈಕ್ರೋಗ್ರಾಂ. ಬರೀ ನೀರಿನಲ್ಲಿ ಮಾಡಬೇಡಿ. ಈ ಔಷಧಿಗಳು ತೀರಾ ತೆಳುವಾದ ದ್ರಾವಣದಲ್ಲಿ, ಅದರಲ್ಲೂ ಕ್ಷಾರೀಯವಾಗಿದ್ದರೆ, ಗಾಜಿಗೂ ಪ್ಲಾಸ್ಟಿಕ್‌ಗೂ ಅಂಟಿಕೊಳ್ಳುತ್ತವೆ. ಇಂಟರ್ನಲ್ ಸ್ಟ್ಯಾಂಡರ್ಡ್ ಮಿಲಿ ಲೀಟರಿಗೆ 20 ಮೈಕ್ರೋಗ್ರಾಂ ಇರಲಿ.

ಹಂತ 2: ಸ್ಯಾಂಪಲ್ ಸಿದ್ಧತೆ

ಮೂತ್ರವನ್ನು ಬೇಗ ಬಳಸುವುದಾದರೆ ಫ್ರಿಜ್‌ನಲ್ಲಿಡಿ, ಇಲ್ಲದಿದ್ದರೆ ಮೈನಸ್ 20 ಡಿಗ್ರಿ. ಫ್ರೀಜರ್‌ನಿಂದ ತೆಗೆದ ಮೂತ್ರದ ತಳದಲ್ಲಿ ಯುರೇಟ್, ಫಾಸ್ಫೇಟ್ ಗಸಿ ಕೂತಿರುತ್ತದೆ. 37 ಡಿಗ್ರಿಯ ನೀರಿನಲ್ಲಿ ಇಟ್ಟು ಚೆನ್ನಾಗಿ ಕಲಕಿ, ಆಮೇಲೆ ಅಳೆದು ತೆಗೆಯಿರಿ. ಮೇಲಿನ ತಿಳಿಯನ್ನು ಮಾತ್ರ ಪಿಪೆಟ್ ಮಾಡುವುದು ತಪ್ಪು.

ಅದೇ ಹೊತ್ತಿಗೆ ಕ್ರಿಯಾಟಿನಿನ್ (ಮೂತ್ರ ಎಷ್ಟು ಗಟ್ಟಿ ಎಂದು ತಿಳಿಸುವ ತ್ಯಾಜ್ಯ ಪದಾರ್ಥ) ಅಳೆಯಲು ಒಂದಿಷ್ಟು ಬೇರೆ ತೆಗೆದಿಡಿ. ಕೊನೆಯಲ್ಲಿ ಬೇಕಾಗುತ್ತದೆ.

2.5 ಮಿಲಿ ಲೀಟರ್ ಮೂತ್ರವನ್ನು ಗಾಜಿನ ಟ್ಯೂಬಿಗೆ ಹಾಕಿ. 25 ಮೈಕ್ರೋಲೀಟರ್ ಇಂಟರ್ನಲ್ ಸ್ಟ್ಯಾಂಡರ್ಡ್ ಸೇರಿಸಿ ವೋರ್ಟೆಕ್ಸ್ ಮಾಡಿ (ಯಂತ್ರದಲ್ಲಿ ಜೋರಾಗಿ ಕಲಕಿ). ಮೂತ್ರದಲ್ಲಿ ಅದು ಮಿಲಿ ಲೀಟರಿಗೆ 200 ನ್ಯಾನೋಗ್ರಾಂ ಆಯಿತು. ಐದು ನಿಮಿಷ ಬಿಟ್ಟು 2.5 ಮಿಲಿ ಲೀಟರ್ ನೀರು ಸೇರಿಸಿ. ನೀರು ಯಾಕೆಂದರೆ, ಒಬ್ಬರ ಮೂತ್ರ ಗಟ್ಟಿ, ಇನ್ನೊಬ್ಬರದು ತೆಳು. ಅರ್ಧಕ್ಕೆ ತೆಳುಮಾಡಿದರೆ ಈ ವ್ಯತ್ಯಾಸ ತಗ್ಗುತ್ತದೆ. ಸೂಕ್ಷ್ಮತೆ ಸ್ವಲ್ಪ ಹೋಗುತ್ತದೆ, ಹೋಗಲಿ ಬಿಡಿ.

ಹಂತ 3: ಪಿಎಚ್, ಇಲ್ಲಿ ಆತುರ ಬೇಡ

ಇಡೀ ವಿಧಾನದಲ್ಲಿ ಒಂದೇ ಒಂದನ್ನು ಗಮನವಿಟ್ಟು ಮಾಡುವುದಾದರೆ ಇದನ್ನು ಮಾಡಿ. ಅಮಿಟ್ರಿಪ್ಟಿಲಿನ್‌ನ ಪಿಕೆಎ (ಅರ್ಧ ಅಣುಗಳು ಚಾರ್ಜ್ ಹೊತ್ತಿರುವ ಪಿಎಚ್) ಸುಮಾರು 9.4. ಪಿಎಚ್ 7.4ರಲ್ಲಿ ನೂರರಲ್ಲಿ ಒಂದು ಅಣು ಮಾತ್ರ ಚಾರ್ಜ್ ಇಲ್ಲದೆ ಇರುತ್ತದೆ. ಉಳಿದ 99 ಚಾರ್ಜ್ ಹೊತ್ತು ನೀರಿನಲ್ಲೇ ಉಳಿಯುತ್ತವೆ. ಪಿಎಚ್ 11.4ಕ್ಕೆ ಏರಿಸಿದರೆ ಲೆಕ್ಕ ತಿರುಗಿ, 99 ಅಣುಗಳು ಕ್ಲೋರೋಫಾರ್ಮ್‌ಗೆ ಹಾರಲು ತಯಾರಾಗುತ್ತವೆ.

ಆದರೆ ನಾರ್ಟ್ರಿಪ್ಟಿಲಿನ್‌ನ ಪಿಕೆಎ ಇನ್ನೂ ಮೇಲೆ, ಸುಮಾರು 10.1. ಪಿಎಚ್ 10ರಲ್ಲಿ ನಿಲ್ಲಿಸಿದರೆ ಅಮಿಟ್ರಿಪ್ಟಿಲಿನ್ ನೂರಕ್ಕೆ 80 ಸಿದ್ಧವಾದರೆ ನಾರ್ಟ್ರಿಪ್ಟಿಲಿನ್ ಅರ್ಧದಷ್ಟೂ ಆಗಿರುವುದಿಲ್ಲ. ಇವೆರಡರ ಅನುಪಾತ ನೋಡುವವರಿಗೆ ಇದು ದೊಡ್ಡ ಮೋಸ. ಆದ್ದರಿಂದ ಪಿಎಚ್ 12ರ ಆಸುಪಾಸು ಇಟ್ಟುಕೊಳ್ಳಿ, ಎರಡೂ ನೆಮ್ಮದಿಯಾಗಿ ಬರುತ್ತವೆ.

2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಅನ್ನು 150 ಮೈಕ್ರೋಲೀಟರಿನಿಂದ ಶುರು ಮಾಡಿ. ಗಾಜಿನ ಕಡ್ಡಿಯಿಂದ ಒಂದು ತೊಟ್ಟು ಪಿಎಚ್ ಪಟ್ಟಿಗೆ ಮುಟ್ಟಿಸಿ ನೋಡಿ, ಬೇಕಾದರೆ ಇನ್ನಷ್ಟು ಹಾಕಿ. ಎಲ್ಲರಿಗೂ 200 ಮೈಕ್ರೋಲೀಟರ್ ಎಂದು ಕಣ್ಣುಮುಚ್ಚಿ ಹಾಕುವುದು ಬೇಡ. ಮೂತ್ರದ ಪಿಎಚ್ 4.5ರಿಂದ 8ರವರೆಗೆ ಎಲ್ಲಿ ಬೇಕಾದರೂ ಇರಬಹುದು.

ಕ್ಷಾರ ಬಿದ್ದ ಕೂಡಲೇ ಬಿಳಿ ಮೋಡದಂಥ ಗಸಿ ಏಳುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಫಾಸ್ಫೇಟ್‌ಗಳು ಅವು. ಹೊಸಬರು ಇದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಆಮೇಲೆ ಕ್ಲೋರೋಫಾರ್ಮ್ ಹನಿಯ ಮೇಲೆ ಆ ಗಸಿ ಕೆನೆ ಕಟ್ಟಿ ಕೂರುತ್ತದೆ, ಸಿರಿಂಜಿಗೆ ಎರಡೂ ಸೇರಿ ಬರುತ್ತವೆ. ಹಾಗಾಗಿ ಈಗಲೇ ಐದು ನಿಮಿಷ 4000 ಆರ್‌ಪಿಎಂನಲ್ಲಿ ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ಚೂಪು ತಳದ ಇನ್ನೊಂದು ಗಾಜಿನ ಟ್ಯೂಬಿಗೆ ವರ್ಗಾಯಿಸಿ. ಸ್ವಲ್ಪ ಔಷಧಿ ಗಸಿಗೆ ಅಂಟಿ ಹೋಗುವುದಿಲ್ಲವಾ? ಹೋಗಬಹುದು. ಇಂಟರ್ನಲ್ ಸ್ಟ್ಯಾಂಡರ್ಡ್ ಅನ್ನು ಮೊದಲೇ ಹಾಕಿದ್ದು ಅದಕ್ಕೇ. ಅದೂ ಹೆಚ್ಚುಕಮ್ಮಿ ಅಷ್ಟೇ ನಷ್ಟವಾಗುತ್ತದೆ, ಅನುಪಾತ ಉಳಿಯುತ್ತದೆ.

ತಿಳಿಗೆ 0.25 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡ್ ಹಾಕಿ ಕರಗಿಸಿ. ಅಡುಗೆ ಉಪ್ಪು ಬೇಡ, ಅದರಲ್ಲಿ ಅಯೋಡಿನ್, ಗಡ್ಡೆ ಕಟ್ಟದಂತೆ ಸೇರಿಸಿದ ಪುಡಿ ಎಲ್ಲ ಇರುತ್ತವೆ.

ಹಂತ 4: ಹೊಡೆತ

ಇನ್ನೊಂದು ಸಣ್ಣ ಟ್ಯೂಬಿನಲ್ಲಿ 500 ಮೈಕ್ರೋಲೀಟರ್ ಅಸಿಟೋನೈಟ್ರೈಲ್ ಮತ್ತು 120 ಮೈಕ್ರೋಲೀಟರ್ ಕ್ಲೋರೋಫಾರ್ಮ್ ಬೆರೆಸಿ. 120 ಯಾಕೆ? ಪ್ರಬಂಧಗಳಲ್ಲಿ 20, 30 ಮೈಕ್ರೋಲೀಟರ್ ಎಂದಿರುತ್ತದೆ ಅಲ್ವಾ? ಅದು ಕಾರ್ಬನ್ ಟೆಟ್ರಾಕ್ಲೋರೈಡ್‌ನಂಥ, ನೀರಿನಲ್ಲಿ ಹೆಚ್ಚೇನೂ ಕರಗದ ದ್ರಾವಕಕ್ಕೆ ಸರಿ. ಕ್ಲೋರೋಫಾರ್ಮ್ ಹಾಗಲ್ಲ. ಲೀಟರ್ ನೀರಿನಲ್ಲಿ ಸುಮಾರು 8 ಗ್ರಾಂ ಕರಗುತ್ತದೆ. ಅಂದರೆ ನಮ್ಮ 5 ಮಿಲಿ ಲೀಟರ್ ಸ್ಯಾಂಪಲ್ ಒಂದೇ ಸುಮಾರು 27 ಮೈಕ್ರೋಲೀಟರ್ ನುಂಗಿಹಾಕುತ್ತದೆ. ಅಸಿಟೋನೈಟ್ರೈಲ್ ಸೇರಿದ್ದರಿಂದ ಇನ್ನೂ ಸ್ವಲ್ಪ ಹೋಗುತ್ತದೆ. 30 ಹಾಕಿದವರು ತಳದಲ್ಲಿ ಹನಿಯನ್ನೇ ಕಾಣದೆ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ಉಪ್ಪು ಹಾಕಿದ್ದರಿಂದ ಈ ಕರಗುವಿಕೆ ತುಸು ತಗ್ಗುತ್ತದೆ.

ಮಿಶ್ರಣವನ್ನು 1 ಮಿಲಿ ಲೀಟರಿನ ಗಾಜಿನ ಸಿರಿಂಜಿಗೆ ಎಳೆದುಕೊಳ್ಳಿ. ಸೂಜಿಯ ತುದಿ ದ್ರವದ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ಒಂದೇ ಏಟಿಗೆ ಒತ್ತಿ. ಇಡೀ ಟ್ಯೂಬ್ ತೆಳು ಮಜ್ಜಿಗೆಯ ಹಾಗೆ ಬೆಳ್ಳಗಾಗಬೇಕು. ಹನಿಹನಿಯಾಗಿ ಬಿಟ್ಟರೆ ಕ್ಲೋರೋಫಾರ್ಮ್ ದಪ್ಪ ಹನಿಗಳಾಗಿ ನೇರ ತಳಕ್ಕಿಳಿದುಬಿಡುತ್ತದೆ, ಔಷಧಿ ಸಿಗುವುದಿಲ್ಲ. ಬೆಳ್ಳಗಾದ ಮೇಲೆ ಅರ್ಧ ನಿಮಿಷ ಮೆಲ್ಲಗೆ ಅಲುಗಿಸಿ, ಸಾಕು.

ಈಗ ಐದು ನಿಮಿಷ 4000 ಆರ್‌ಪಿಎಂ. ಆರ್‌ಪಿಎಂ ಅಂಕಿ ಮಾತ್ರ ಬರೆದಿಟ್ಟರೆ ಬೇರೆ ಲ್ಯಾಬಿನವರಿಗೆ ಉಪಯೋಗವಿಲ್ಲ. 15 ಸೆಂಟಿಮೀಟರ್ ತ್ರಿಜ್ಯದ ರೋಟರ್‌ನಲ್ಲಿ ಅದು ಸುಮಾರು 2,700 ಜಿ (ಗುರುತ್ವದ ಅಷ್ಟು ಪಟ್ಟು). ಗಾಜಿನ ಟ್ಯೂಬ್ ಆ ವೇಗ ತಡೆಯುತ್ತದಾ ಎಂದು ತಯಾರಕರ ಮಿತಿ ನೋಡಿಕೊಳ್ಳಿ, ಕೆಳಗೆ ರಬ್ಬರ್ ಕುಶನ್ ಇರಲಿ. ಪಾಲಿಸ್ಟೈರೀನ್ ಟ್ಯೂಬ್ ಬಳಸಲೇಬೇಡಿ, ಕ್ಲೋರೋಫಾರ್ಮ್ ಅದನ್ನು ಕರಗಿಸುತ್ತದೆ.

ಹಂತ 5: ಹನಿ ತೆಗೆಯುವುದು

ಟ್ಯೂಬನ್ನು ಬೆಳಕಿಗೆ ಹಿಡಿದರೆ ಚೂಪು ತಳದಲ್ಲಿ ಹೊಳೆಯುವ ಹನಿ ಕಾಣುತ್ತದೆ. 60ರಿಂದ 80 ಮೈಕ್ರೋಲೀಟರ್ ಇರಬಹುದು. 100 ಮೈಕ್ರೋಲೀಟರಿನ ಸಿರಿಂಜಿನ ಪ್ಲಂಜರನ್ನು ಮೊದಲು ಸ್ವಲ್ಪ ಮೇಲೆಳೆದುಕೊಂಡು, ಸೂಜಿ ನೀರಿನ ಪದರ ದಾಟುವಾಗ ಒಂದು ಗುಳ್ಳೆ ಗಾಳಿ ಹೊರಗೆ ಬಿಡುತ್ತಾ ಇಳಿಸಿ. ಹೀಗೆ ಮಾಡಿದರೆ ಸೂಜಿಯೊಳಗೆ ನೀರು ನುಗ್ಗುವುದಿಲ್ಲ. ತಳ ಮುಟ್ಟಿದ ಮೇಲೆ ನಿಧಾನ ಎಳೆಯಿರಿ. ಸರಿಯಾಗಿ 50 ಮೈಕ್ರೋಲೀಟರ್ ಸಾಕು. ಪೂರ್ತಿ ಹನಿ ಬೇಕೆಂದು ಆಸೆಪಟ್ಟರೆ ನೀರೂ ಬರುತ್ತದೆ.

ಕ್ಲೋರೋಫಾರ್ಮ್ ಅನ್ನು ನೇರ ಎಚ್‌ಪಿಎಲ್‌ಸಿಯ ಸಿ18 ಕಾಲಂಗೆ (ಪದಾರ್ಥಗಳನ್ನು ಬೇರ್ಪಡಿಸುವ, ಸಿಲಿಕಾ ತುಂಬಿದ ಕೊಳವೆ) ಹಾಕಬೇಡಿ, ಪೀಕ್ ಹರಡಿಕೊಳ್ಳುತ್ತದೆ. ಸಣ್ಣ ವಯಲ್‌ಗೆ ಹಾಕಿ, 40 ಡಿಗ್ರಿ ಮೀರದಂತೆ, ನೈಟ್ರೋಜನ್ ಹಾಯಿಸಿ ಒಣಗಿಸಿ. 50 ಮೈಕ್ರೋಲೀಟರ್ ಮೊಬೈಲ್ ಫೇಸ್‌ನಲ್ಲಿ (ಕಾಲಂ ಮೂಲಕ ಹರಿಸುವ ದ್ರವ) ಕರಗಿಸಿ, ವೋರ್ಟೆಕ್ಸ್ ಮಾಡಿ, ಇನ್ಸರ್ಟ್ ಇರುವ ವಯಲ್‌ಗೆ ತುಂಬಿ.

ನೈಟ್ರೋಜನ್ ಸಿಲಿಂಡರ್ ಇಲ್ಲದವರು ಹನಿಯನ್ನು ಸ್ವಲ್ಪ ತೆಳು ಆಮ್ಲದ ಜೊತೆ ಕುಲುಕಿ ಔಷಧಿಯನ್ನು ಮತ್ತೆ ನೀರಿಗೆ ಎಳೆದುಕೊಳ್ಳಬಹುದು. ಸ್ಯಾಂಪಲ್ ಇನ್ನೂ ಶುಚಿಯಾಗುತ್ತದೆ, ಕಾರ್ಬಮಜೆಪಿನ್‌ನಂಥ ಚಾರ್ಜ್ ಇಲ್ಲದವು ಕ್ಲೋರೋಫಾರ್ಮ್‌ನಲ್ಲೇ ಉಳಿದುಹೋಗುತ್ತವೆ. ಆದರೆ ಆಮ್ಲ ಫಾಸ್ಫಾರಿಕ್ ಆಗಿರಲಿ, ಹೈಡ್ರೋಕ್ಲೋರಿಕ್ ಬೇಡ. ಅಮಿಟ್ರಿಪ್ಟಿಲಿನ್‌ನ ಹೈಡ್ರೋಕ್ಲೋರೈಡ್ ಲವಣ ಕ್ಲೋರೋಫಾರ್ಮ್‌ನಲ್ಲೂ ಚೆನ್ನಾಗಿ ಕರಗುತ್ತದೆ, ನೀರಿಗೆ ಬರಲು ಮನಸ್ಸೇ ಮಾಡುವುದಿಲ್ಲ.

ಹಂತ 6: ಎಚ್‌ಪಿಎಲ್‌ಸಿ

ಕಾಲಂ: ಸಿ18, 250 × 4.6 ಮಿಲಿಮೀಟರ್, 5 ಮೈಕ್ರಾನ್. ಬಫರ್: ಲೀಟರಿಗೆ 3.40 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, ಅಂದರೆ 25 ಮಿಲಿಮೋಲಾರ್. ಅದಕ್ಕೆ 1 ಮಿಲಿ ಲೀಟರ್ ಟ್ರೈಈಥೈಲ್ ಅಮೀನ್ ಸೇರಿಸಿ, ಆಮೇಲೆ ಫಾಸ್ಫಾರಿಕ್ ಆಮ್ಲದಿಂದ ಪಿಎಚ್ 3.0ಕ್ಕೆ ತನ್ನಿ. ಅಮೀನ್ ಮೊದಲು, ಪಿಎಚ್ ಆಮೇಲೆ. ಅಸಿಟೋನೈಟ್ರೈಲ್ ಮತ್ತು ಬಫರ್ 40:60, ನಿಮಿಷಕ್ಕೆ 1 ಮಿಲಿ ಲೀಟರ್, ಇಂಜೆಕ್ಷನ್ 20 ಮೈಕ್ರೋಲೀಟರ್, ಯುವಿ 240 ನ್ಯಾನೋಮೀಟರ್. ಮೊದಲು ನಾರ್ಟ್ರಿಪ್ಟಿಲಿನ್, ಬೆನ್ನಿಗೇ ಅಮಿಟ್ರಿಪ್ಟಿಲಿನ್, ಕೊನೆಗೆ ಕ್ಲೋಮಿಪ್ರಮಿನ್. ತೀರಾ ತಡವಾದರೆ ಅಸಿಟೋನೈಟ್ರೈಲ್ ಶೇಕಡ 2 ಏರಿಸಿ, ಒಂದರ ಮೇಲೊಂದು ಬಿದ್ದರೆ 2 ಇಳಿಸಿ.

ಟ್ರೈಈಥೈಲ್ ಅಮೀನ್ ಯಾಕೆ ಬೇಕು? ಸಿಲಿಕಾ ಮೇಲೆ ಉಳಿದ ಸಿಲನಾಲ್ ಗುಂಪುಗಳು ಈ ಔಷಧಿಗಳನ್ನು ಹಿಡಿದಿಟ್ಟುಕೊಂಡು ಪೀಕ್‌ಗೆ ಉದ್ದ ಬಾಲ ಬರಿಸುತ್ತವೆ. ಕಾಲಂಗಳ ಗುಣ ಪರೀಕ್ಷಿಸಲು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಮಾರುವ ಎಸ್‌ಆರ್‌ಎಂ 870 ಎಂಬ ಮಿಶ್ರಣದಲ್ಲಿ ಅಮಿಟ್ರಿಪ್ಟಿಲಿನ್ ಸೇರಿರುವುದೇ ಈ ಕಾರಣಕ್ಕೆ. ಕಾಲಂ ಹಳೆಯದಾಗಿದೆಯಾ ಎಂದು ಮೊದಲು ಹೇಳುವುದು ನಿಮ್ಮ ಈ ಪೀಕೇ.

ಕೆಲಸ ಮುಗಿದ ಮೇಲೆ ಮೊದಲು ಬಫರ್ ಇಲ್ಲದ, ನೀರು ಜಾಸ್ತಿ ಇರುವ ದ್ರವದಿಂದ ತೊಳೆಯಿರಿ, ಆಮೇಲೆ ಅಸಿಟೋನೈಟ್ರೈಲ್ ಏರಿಸಿ. ನೇರವಾಗಿ ಏರಿಸಿದರೆ ಫಾಸ್ಫೇಟ್ ಒಳಗೇ ಹರಳುಗಟ್ಟುತ್ತದೆ.

ಎಲ್‌ಸಿ-ಎಂಎಸ್ (ಅಣುಗಳ ತೂಕವನ್ನೂ ನೋಡುವ ಯಂತ್ರ) ಇರುವವರಿಗೆ ಕೆಲಸ ಹಗುರ. ಫಾಸ್ಫೇಟ್ ಬದಲು ಫಾರ್ಮಿಕ್ ಆಮ್ಲ ಬಳಸಿ. ಅಯಾನು ಒಡೆದು ತುಂಡಾಗುವುದನ್ನು ಅಮಿಟ್ರಿಪ್ಟಿಲಿನ್‌ಗೆ 278ರಿಂದ 233, ನಾರ್ಟ್ರಿಪ್ಟಿಲಿನ್‌ಗೆ 264ರಿಂದ 233 ನೋಡಿ. ಇಂಟರ್ನಲ್ ಸ್ಟ್ಯಾಂಡರ್ಡ್ ಆಗಿ ಡ್ಯೂಟೀರಿಯಂ ಇರುವ ಅಮಿಟ್ರಿಪ್ಟಿಲಿನ್ ತೆಗೆದುಕೊಂಡರೆ ಕ್ಲೋಮಿಪ್ರಮಿನ್ ತಕರಾರೂ ಇರುವುದಿಲ್ಲ.

ಹಂತ 7: ಕ್ಯಾಲಿಬ್ರೇಷನ್ ಮತ್ತು ವ್ಯಾಲಿಡೇಷನ್

ಕ್ಯಾಲಿಬ್ರೇಷನ್ (ಪೀಕಿನಿಂದ ಸಾಂದ್ರತೆ ಓದಲು ಬೇಕಾದ ಗೆರೆ) ಅನ್ನು ಮೊಬೈಲ್ ಫೇಸ್‌ನಲ್ಲಿ ಮಾಡಬೇಡಿ. ಔಷಧಿ ತೆಗೆದುಕೊಳ್ಳದವರ ಮೂತ್ರಕ್ಕೆ ಸ್ಪೈಕ್ ಮಾಡಿ (ಗೊತ್ತಿರುವಷ್ಟು ಔಷಧಿ ಸೇರಿಸಿ), ಎಲ್ಲ ಹಂತಗಳನ್ನೂ ದಾಟಿಸಿ. 2.5 ಮಿಲಿ ಲೀಟರ್ ಮೂತ್ರಕ್ಕೆ ವರ್ಕಿಂಗ್ ದ್ರಾವಣ 25 ಮೈಕ್ರೋಲೀಟರ್ ಹಾಕಿದರೆ ನೂರು ಪಟ್ಟು ತೆಳುವಾಗಿ ಮಿಲಿ ಲೀಟರಿಗೆ 10, 25, 50, 100, 250, 500, 1000 ನ್ಯಾನೋಗ್ರಾಂ ಸಿಗುತ್ತವೆ. ಪೀಕ್ ವಿಸ್ತೀರ್ಣದ ಅನುಪಾತವನ್ನು ಸಾಂದ್ರತೆಯ ವಿರುದ್ಧ ಎಳೆಯಿರಿ. ಸುಮ್ನೆ ಸರಳರೇಖೆ ಎಳೆದರೆ 1000ದ ಬಿಂದುವೇ ಗೆರೆಯನ್ನು ತನ್ನ ಕಡೆ ಎಳೆದುಕೊಂಡು 10ರ ಹತ್ತಿರ ದೊಡ್ಡ ತಪ್ಪು ಬರುತ್ತದೆ. ಕೆಳಗಿನ ಬಿಂದುಗಳಿಗೆ ಹೆಚ್ಚು ಮಹತ್ವ ಸಿಗುವಂತೆ ಲೆಕ್ಕದಲ್ಲಿ 1/ಎಕ್ಸ್ ತೂಕ ಕೊಡಿ. ಆರ್ ಸ್ಕ್ವೇರ್ 0.999 ಬಂತೆಂದು ಖುಷಿಪಡುವ ಮೊದಲು ಪ್ರತಿ ಬಿಂದುವನ್ನೂ ಹಿಂದಕ್ಕೆ ಲೆಕ್ಕ ಹಾಕಿ ನೋಡಿ.

ಮಿತಿಗಳಿಗೆ 2022ರ ಐಸಿಎಚ್ (ಔಷಧ ನಿಯಮಗಳನ್ನು ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿ) ಎಂ10 ದಾಖಲೆ ಇದೆ. ಬಿಂದುಗಳು ಶೇಕಡ 15ರೊಳಗೆ, ಅತಿ ಕೆಳಗಿನದು ಶೇಕಡ 20ರೊಳಗೆ ಇರಬೇಕು. ಕ್ಯೂಸಿ, ಅಂದರೆ ಸಾಂದ್ರತೆ ಮೊದಲೇ ಗೊತ್ತಿರುವ ತಪಾಸಣಾ ಸ್ಯಾಂಪಲ್‌ಗಳು, ನಾಲ್ಕು ಮಟ್ಟದಲ್ಲಿ, ಪ್ರತಿಯೊಂದೂ ಒಂದು ರನ್‌ನಲ್ಲಿ ಐದು ಸಲ, ಎರಡು ಅಥವಾ ಹೆಚ್ಚು ದಿನಗಳಲ್ಲಿ ಕನಿಷ್ಠ ಮೂರು ರನ್. ಕನಿಷ್ಠ ಆರು ಬೇರೆ ಬೇರೆ ಜನರ ಖಾಲಿ ಮೂತ್ರದಲ್ಲಿ ಔಷಧಿಯ ಜಾಗದಲ್ಲಿ ಕಾಣುವ ಪೀಕ್ ಅತಿ ಕೆಳಗಿನ ಬಿಂದುವಿನ ಶೇಕಡ 20 ಮೀರಬಾರದು. ನಾನು ಇದಕ್ಕೊಂದು ಸೇರಿಸುತ್ತೇನೆ: ಸ್ನಾಯು ಸಡಿಲಿಸುವ ಔಷಧಿ ಸೈಕ್ಲೋಬೆನ್ಜಪ್ರಿನ್ ಇಂಜೆಕ್ಟ್ ಮಾಡಿ ನೋಡಿ. ಅಮಿಟ್ರಿಪ್ಟಿಲಿನ್‌ಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಡಬಲ್ ಬಾಂಡ್, ಅಷ್ಟೇ. 1000ದ ಸ್ಯಾಂಪಲ್ ಆದ ಮೇಲೆ ಒಂದು ಬ್ಲ್ಯಾಂಕ್ (ಔಷಧಿ ಇಲ್ಲದ ಸ್ಯಾಂಪಲ್) ಓಡಿಸಿ. ಅಲ್ಲಿ ಕಾಣುವ ಪೀಕ್ ಅತಿ ಕೆಳಗಿನ ಬಿಂದುವಿನ ಶೇಕಡ 20 ಮೀರಬಾರದು.

ರಿಕವರಿ ಲೆಕ್ಕ ಹೀಗೆ. ಮಿಲಿ ಲೀಟರಿಗೆ 100 ನ್ಯಾನೋಗ್ರಾಂ ಸ್ಪೈಕ್ ಮಾಡಿದ 2.5 ಮಿಲಿ ಲೀಟರ್ ಮೂತ್ರದಲ್ಲಿ ಒಟ್ಟು 250 ನ್ಯಾನೋಗ್ರಾಂ ಇದೆ. ತಳದ ಹನಿ 70 ಮೈಕ್ರೋಲೀಟರ್, ಅದರ ಸಾಂದ್ರತೆ ಮಿಲಿ ಲೀಟರಿಗೆ 2.9 ಮೈಕ್ರೋಗ್ರಾಂ ಬಂತು ಅಂದುಕೊಳ್ಳಿ. ಹನಿಯಲ್ಲಿ 203 ನ್ಯಾನೋಗ್ರಾಂ ಸಿಕ್ಕಿತು, ರಿಕವರಿ ಶೇಕಡ 81. ಸಾಂದ್ರತೆ ಹೆಚ್ಚಿದ್ದು 29 ಪಟ್ಟು. ಎರಡನ್ನೂ ಬರೆಯಿರಿ. ಹನಿಯನ್ನು ಚಿಕ್ಕದು ಮಾಡಿ 100 ಪಟ್ಟು ಬಂತು ಎಂದು ಬೀಗುವ ಪ್ರಬಂಧಗಳಿವೆ. ರಿಕವರಿ ನೋಡಿದರೆ ಅರ್ಧ ಔಷಧಿ ನೀರಿನಲ್ಲೇ ಉಳಿದಿರುತ್ತದೆ.

ಮೇಲೆ ಕೊಟ್ಟ ಅಳತೆಗಳೆಲ್ಲ ಶುರುಮಾಡಲು. ಕ್ಲೋರೋಫಾರ್ಮ್ 100, 120, 150. ಅಸಿಟೋನೈಟ್ರೈಲ್ 300, 500, 800. ಉಪ್ಪು ಇದ್ದು, ಇಲ್ಲದೆ. ಇಷ್ಟನ್ನು ನಿಮ್ಮ ಲ್ಯಾಬಿನಲ್ಲೇ ಬದಲಿಸಿ ನೋಡಿ ಗಟ್ಟಿ ಮಾಡಿಕೊಳ್ಳಿ.

ಕೈಕೊಟ್ಟಾಗ

ಹನಿಯೇ ಇಲ್ಲವೇ? ಅಸಿಟೋನೈಟ್ರೈಲ್ ಜಾಸ್ತಿಯಾಗಿರಬೇಕು, ಇಲ್ಲವೇ ಕ್ಲೋರೋಫಾರ್ಮ್ ಆವಿಯಾಗಿರಬೇಕು. ಆ ಮಿಶ್ರಣವನ್ನು ಬೆಳಗ್ಗೆಯೇ ಮಾಡಿಟ್ಟು ಸಂಜೆವರೆಗೆ ಬಳಸಬೇಡಿ. ಹನಿಯ ಸುತ್ತ ಜೆಲ್ಲಿಯಂಥ ಪದರ ಬಂದರೆ ಮೂತ್ರದಲ್ಲಿ ಪ್ರೋಟೀನ್ ಇದೆ ಎಂದರ್ಥ. ಇನ್ನಷ್ಟು ತೆಳು ಮಾಡಿ, ಮತ್ತೊಮ್ಮೆ ಸೆಂಟ್ರಿಫ್ಯೂಜ್ ಮಾಡಿ. ಇಂಟರ್ನಲ್ ಸ್ಟ್ಯಾಂಡರ್ಡ್‌ನ ಪೀಕ್ ಒಂದೇ ಸ್ಯಾಂಪಲ್‌ನಲ್ಲಿ ಅರ್ಧಕ್ಕಿಳಿದಿದ್ದರೆ ಅನುಪಾತ ಸರಿಮಾಡಿಕೊಡುತ್ತದೆ ಎಂದು ಬಿಟ್ಟುಬಿಡಬೇಡಿ. ಆ ಟ್ಯೂಬಿನ ಪಿಎಚ್ ನೋಡಿ. ಬಹುತೇಕ ಅಲ್ಲೇ ಉತ್ತರ ಇರುತ್ತದೆ.

ವರದಿ ಬರೆಯುವಾಗ

ಒಂದು ಸ್ಯಾಂಪಲ್‌ನಲ್ಲಿ ಅಮಿಟ್ರಿಪ್ಟಿಲಿನ್ ಮಿಲಿ ಲೀಟರಿಗೆ 120 ನ್ಯಾನೋಗ್ರಾಂ, ಕ್ರಿಯಾಟಿನಿನ್ ಡೆಸಿಲೀಟರಿಗೆ 80 ಮಿಲಿಗ್ರಾಂ ಬಂದಿದೆ ಎಂದಿಟ್ಟುಕೊಳ್ಳಿ. 80ನ್ನು ನೂರರಿಂದ ಭಾಗಿಸಿದರೆ ಮಿಲಿ ಲೀಟರಿಗೆ 0.8 ಮಿಲಿಗ್ರಾಂ. 120 ಭಾಗಿಸು 0.8, ಅಂದರೆ ಕ್ರಿಯಾಟಿನಿನ್‌ನ ಪ್ರತಿ ಮಿಲಿಗ್ರಾಂಗೆ 150 ನ್ಯಾನೋಗ್ರಾಂ. ನೀರು ಜಾಸ್ತಿ ಕುಡಿದದ್ದರ ಪ್ರಭಾವ ಹೀಗೆ ತಗ್ಗುತ್ತದೆ. ಕ್ರಿಯಾಟಿನಿನ್ 20 ಮಿಲಿಗ್ರಾಂಗಿಂತ ಕಮ್ಮಿ ಇದ್ದರೆ ಮೂತ್ರ ತೀರಾ ತೆಳು, ಬೇರೆ ಸ್ಯಾಂಪಲ್ ಕೇಳಿ.

ವರದಿಯಲ್ಲಿ ಎರಡೂ ಅಂಕಿ, ಸ್ಯಾಂಪಲ್ ತೆಗೆದ ಹೊತ್ತು, ಕೊನೆಯ ಮಾತ್ರೆ ನುಂಗಿದ ಹೊತ್ತು ಗೊತ್ತಿದ್ದರೆ ಅದು, ವಿಧಾನದ ಕೆಳಮಿತಿ 10 ನ್ಯಾನೋಗ್ರಾಂ ಎಂಬುದು, ಇವಿಷ್ಟು ಇರಲಿ. ಗ್ಲುಕುರೊನೈಡ್ ಒಡೆದಿಲ್ಲ, ಬಿಡಿ ಔಷಧಿಯನ್ನು ಮಾತ್ರ ಅಳೆದಿದೆ ಎಂದೂ ಬರೆಯಿರಿ. ಏನೂ ಕಾಣದಿದ್ದರೆ 'ಇಲ್ಲ' ಎನ್ನಬೇಡಿ, '10 ನ್ಯಾನೋಗ್ರಾಂಗಿಂತ ಕಡಿಮೆ' ಎನ್ನಿ. ರೋಗಿ ಮಾತ್ರೆ ನುಂಗಿಲ್ಲ ಎಂದು ವೈದ್ಯರು ತೀರ್ಮಾನಿಸುವುದು ಈ ಒಂದು ಸಾಲನ್ನು ನೋಡಿಯೇ.